ಬೋರ್ಸ್ಟಲ್ ಬಾಗಿಲಿನ ಆಚೆ

ಧಾರವಾಡ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವ ಚಿತ್ರಗಳು ಹಲವು: ಸಾಧನಕೇರಿಯ ಮಳೆ, ವಿದ್ಯಾವರ್ಧಕ ಸಂಘದ ಸಭೆಗಳು, ರಾತ್ರಿಯಿಡೀ ನಡೆಯುವ ಸಂಗೀತದ ಬೈಠಕ್ಕು, ಪೇಡೆಯ ಅಂಗಡಿಯ ಮುಂದಿನ ಸಾಲು. ಅದು ವಿದ್ಯೆಯ ಊರು. ಮಕ್ಕಳನ್ನು ಓದಲಿಕ್ಕೆ ಕಳಿಸುವ ಊರು. ಆದರೆ ಸ್ವಾತಂತ್ರ್ಯಪೂರ್ವದ ಮುಂಬಯಿ ಇಲಾಖೆಯ ಕೋರ್ಟುಗಳಲ್ಲಿ ಈ ಊರಿನ ಹೆಸರು ಬೇರೊಂದು ಕಾರಣಕ್ಕೂ ಕೇಳಿಬರುತ್ತಿತ್ತು. ಕಳವು, ಹೊಡೆದಾಟದಂಥ ಅಪರಾಧಗಳಲ್ಲಿ ಸಿಕ್ಕಿಬಿದ್ದ ಹದಿನೇಳು ಹದಿನೆಂಟರ ಹುಡುಗನ ಮೇಲಿನ ಆರೋಪ ಸಾಬೀತಾದಾಗ ನ್ಯಾಯಾಧೀಶರ ಎದುರು ಎರಡು ದಾರಿಗಳಿರುತ್ತಿದ್ದವು. ಒಂದು, ಎಲ್ಲರಂತೆ ತುರಂಗ. ಇನ್ನೊಂದು, ಧಾರವಾಡದ ಬೋರ್ಸ್ಟಲ್ ಶಾಲೆ.

ಶಾಲೆ ಎಂದು ಹೆಸರಿದ್ದರೂ ಅದು ತುರಂಗ ಖಾತೆಗೆ ಸೇರಿದ್ದು. ತುರಂಗ ಖಾತೆಗೆ ಸೇರಿದ್ದರೂ ಅದರ ಉದ್ದೇಶ ಶಿಕ್ಷೆಗಿಂತ ಶಿಕ್ಷಣ ಎಂದು ಕಾಯಿದೆ ಹೇಳುತ್ತಿತ್ತು. ಈ ಎರಡರ ನಡುವಿನ ಎಳೆದಾಟವೇ ಅದರ ಇತಿಹಾಸ. ದಾರಿ ತಪ್ಪಿದ ಹುಡುಗನನ್ನು ಸರಿದಾರಿಗೆ ತರುವುದು ಗೋಡೆಯೋ, ಕಸುಬೋ, ಅಥವಾ ಒಬ್ಬ ಮನುಷ್ಯನೋ ಎಂಬ ಪ್ರಶ್ನೆ ಆ ಇತಿಹಾಸದುದ್ದಕ್ಕೂ ಕಾಣುತ್ತದೆ. ಇಂದಿನ ಬಾಲ ನ್ಯಾಯ ಕಾಯಿದೆಯ ಎದುರಿಗೂ ನಿಂತಿರುವುದು ಅದೇ ಪ್ರಶ್ನೆ.

ಕೆಂಟ್ ಪ್ರಾಂತದ ಒಂದು ಹಳ್ಳಿ

ಬೋರ್ಸ್ಟಲ್ ಎಂಬುದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ರೋಚೆಸ್ಟರ್ ಪಟ್ಟಣದ ಹತ್ತಿರ ಇರುವ ಒಂದು ಹಳ್ಳಿಯ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ದೇಶದ ತುರಂಗಗಳಲ್ಲಿ ಹದಿನಾರರ ಹುಡುಗ ಮತ್ತು ಐವತ್ತರ ಪಳಗಿದ ಕಳ್ಳ ಒಂದೇ ಸೂರಿನ ಕೆಳಗೆ ಇರುತ್ತಿದ್ದರು. ಹೊರಬರುವಾಗ ಹುಡುಗ ಕಲಿತಿರುತ್ತಿದ್ದುದು ಐವತ್ತರವನ ವಿದ್ಯೆಯನ್ನು. 1895ರ ಗ್ಲಾಡ್‌ಸ್ಟನ್ ಸಮಿತಿ ಇದನ್ನು ಎತ್ತಿ ತೋರಿಸಿ ತರುಣರಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂದಿತು. ತುರಂಗ ಆಯೋಗದ ಅಧ್ಯಕ್ಷರಾಗಿದ್ದ ಎವೆಲಿನ್ ರಗಲ್ಸ್-ಬ್ರೈಸ್ 1897ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಎಲ್ಮೈರಾ ಸುಧಾರಣಾಲಯವನ್ನು ನೋಡಿ ಬಂದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೋರ್ಸ್ಟಲ್ ಹಳ್ಳಿಯ ಹಳೆಯ ತುರಂಗದಲ್ಲಿ ಪ್ರಯೋಗ ಆರಂಭವಾಯಿತು. 1908ರ ಕಾಯಿದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಹಳ್ಳಿಯ ಹೆಸರು ಒಂದು ಪದ್ಧತಿಯ ಹೆಸರಾಯಿತು.

ಆ ಪದ್ಧತಿಗೆ ಮೂರು ಅಂಗಗಳಿದ್ದವು. ಮೊದಲನೆಯದು ಕಟ್ಟುನಿಟ್ಟಾದ ದಿನಚರಿ. ಎರಡನೆಯದು ಹೊಟ್ಟೆ ಹೊರೆಯಲು ಬೇಕಾದ ಕಸುಬು. ಮೂರನೆಯದು ಬಿಡುಗಡೆಯ ನಂತರದ ಮೇಲ್ವಿಚಾರಣೆ. ಪೂರ್ತಿ ಅವಧಿ ಮುಗಿಯುವ ಮೊದಲೇ ಹುಡುಗನನ್ನು ಪರವಾನಗಿಯ ಮೇಲೆ ಹೊರಗೆ ಕಳಿಸಬಹುದಿತ್ತು. ಹೊರಗೆ ಅವನಿಗೆ ಕೆಲಸ ಹುಡುಕಿ, ಆಗಾಗ ಭೇಟಿಯಾಗಿ ನೋಡಿಕೊಳ್ಳಲು ಬೋರ್ಸ್ಟಲ್ ಅಸೋಸಿಯೇಷನ್ ಎಂಬ ಪ್ರತ್ಯೇಕ ಸಂಸ್ಥೆಯೇ ಇತ್ತು. 1920ರ ದಶಕದಲ್ಲಿ ತುರಂಗ ಆಯುಕ್ತರಾದ ಅಲೆಕ್ಸಾಂಡರ್ ಪ್ಯಾಟರ್‌ಸನ್ ಈ ಮೂರನೆಯ ಅಂಗದ ಭಾವನೆಯನ್ನು ಗೋಡೆಯ ಒಳಗೂ ತಂದರು. ಹುಡುಗರನ್ನು ಚಿಕ್ಕ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಸಮವಸ್ತ್ರವಿಲ್ಲದ ಒಬ್ಬ ಹಿರಿಯನನ್ನು ನೇಮಿಸಿದರು. ಪ್ರತಿ ಹುಡುಗನ ಹೆಸರು, ಮನೆ, ಸ್ವಭಾವ ಎಲ್ಲ ಆತನಿಗೆ ಗೊತ್ತಿರಬೇಕು. ಹುಡುಗನನ್ನು ಗುಂಪಿನಲ್ಲಿ ಒಬ್ಬ ಕೈದಿಯೆಂದು ಕಾಣದೆ, ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ಅರಿಯಬೇಕೆಂಬುದು ಅವರ ನಂಬಿಕೆ.

ಭಾರತದ ದಾರಿ

ಭಾರತದಲ್ಲಿ ಇಂಥ ಯೋಚನೆ ಇರಲಿಲ್ಲವೆಂದಲ್ಲ. 1850ರಷ್ಟು ಹಿಂದೆಯೇ ಅಪ್ರೆಂಟಿಸ್ ಕಾಯಿದೆಯೊಂದು ಬಂದಿತ್ತು. ಅನಾಥ ಮತ್ತು ಬಡ ಮಕ್ಕಳನ್ನೂ ಸಣ್ಣ ಅಪರಾಧ ಮಾಡಿದ ಮಕ್ಕಳನ್ನೂ ಒಬ್ಬ ಕಸುಬುದಾರನ ಕೈಕೆಳಗೆ ಕೆಲಸ ಕಲಿಯಲು ಒಪ್ಪಿಸುವ ಅವಕಾಶ ಅದರಲ್ಲಿತ್ತು. 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಾಸೂನ್ ಹೆಸರಿನ ಸುಧಾರಣಾ ಶಾಲೆ ಹುಟ್ಟಿತು. 1876ರಲ್ಲಿ, ಮತ್ತೆ 1897ರಲ್ಲಿ ಸುಧಾರಣಾ ಶಾಲೆಗಳ ಕಾಯಿದೆಗಳಾದವು. ಆದರೆ ಈ ಶಾಲೆಗಳು ಚಿಕ್ಕ ಮಕ್ಕಳಿಗೆ. ಮೀಸೆ ಚಿಗುರುತ್ತಿರುವ, ಮಗುವೂ ಅಲ್ಲದ ಗಂಡಸೂ ಅಲ್ಲದ ವಯಸ್ಸಿನವರಿಗೆ ಸಾಮಾನ್ಯವಾಗಿ ತುರಂಗವೇ ಗತಿಯಾಗಿತ್ತು.

1919-20ರ ಭಾರತೀಯ ತುರಂಗ ಸಮಿತಿ ಈ ಕೊರತೆಯತ್ತ ಬೊಟ್ಟು ಮಾಡಿತು. ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕು, ತರುಣರಿಗೆ ಬೋರ್ಸ್ಟಲ್ ಮಾದರಿಯ ಸಂಸ್ಥೆ ಬೇಕು ಎಂದಿತು. ಅದರ ಬೆನ್ನಿಗೆ ಪ್ರಾಂತಗಳಲ್ಲಿ ಕಾಯಿದೆಗಳ ಸಾಲು ಬಂತು. ಮಕ್ಕಳ ಕಾಯಿದೆಯನ್ನು ಮದರಾಸು 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಮಾಡಿದವು. ಬೋರ್ಸ್ಟಲ್ ಕಾಯಿದೆಯನ್ನು ಮದರಾಸು ಮತ್ತು ಪಂಜಾಬ 1926ರಲ್ಲಿ, ಬಂಗಾಳ 1928ರಲ್ಲಿ ತಂದವು. ಮುಂಬಯಿ ಬೋರ್ಸ್ಟಲ್ ಶಾಲೆಗಳ ಕಾಯಿದೆ 1929ರದು. ಬಾಲಾಪರಾಧಿಗಳ ತುರಂಗ ಧಾರವಾಡದಲ್ಲಿ ಮೊದಲೇ ಇದ್ದುದರಿಂದ ಹೊಸ ಶಾಲೆಗೂ ಇದೇ ಊರು ನೆಲೆಯಾಯಿತು.

ಪರವಾನಗಿಯ ಒಂದು ಸಾಲು

ಬೋರ್ಸ್ಟಲ್ ಕಾಯಿದೆಗಳನ್ನು ಇಂದು ಓದಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು ಅವಧಿ. ಸಾಮಾನ್ಯ ತುರಂಗವಾದರೆ ಕೆಲವು ತಿಂಗಳಲ್ಲಿ ಮುಗಿಯಬಹುದಾಗಿದ್ದ ಶಿಕ್ಷೆಗೆ ಬದಲಾಗಿ ಹುಡುಗ ಕೆಲವು ವರ್ಷಗಳನ್ನೇ ಬೋರ್ಸ್ಟಲ್‌ನಲ್ಲಿ ಕಳೆಯಬೇಕಾಗಬಹುದಿತ್ತು. ಕಸುಬು ಕಲಿಯಲು, ಮನಸ್ಸು ತಿದ್ದಲು ಸಮಯ ಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಅಂದರೆ ಸುಧಾರಣೆಯ ಹೆಸರಿನಲ್ಲಿ ಸರಕಾರ ಹುಡುಗನಿಂದ ಹೆಚ್ಚು ದಿನಗಳನ್ನು ಕೇಳುತ್ತಿತ್ತು. ಆ ದಿನಗಳಿಗೆ ಪ್ರತಿಯಾಗಿ ಬದುಕೊಂದನ್ನು ಕಟ್ಟಿಕೊಡದಿದ್ದರೆ ಅದು ಬರೀ ಹೆಚ್ಚಿನ ಸೆರೆವಾಸವಾಗಿ ಉಳಿಯುತ್ತಿತ್ತು.

ಎರಡನೆಯದು ಬಿಡುಗಡೆಯ ಕ್ರಮ. ನಿಗದಿತ ಅವಧಿಯನ್ನು ಒಳಗೆ ಕಳೆದ ಹುಡುಗ ಮತ್ತೆ ಅಪರಾಧಕ್ಕಿಳಿಯಲಾರ, ದುಡಿದು ಬದುಕಬಲ್ಲ ಎಂದು ಕಂಡುಬಂದರೆ ಅವನನ್ನು ಪರವಾನಗಿಯ ಮೇಲೆ ಬಿಡಬಹುದಿತ್ತು. ಆದರೆ ಸುಮ್ಮನೆ ಬಾಗಿಲು ತೆರೆದು ಕಳಿಸುವಂತಿರಲಿಲ್ಲ. ಒಬ್ಬ ಸರಕಾರಿ ಅಧಿಕಾರಿಯೋ, ಒಂದು ಸಂಸ್ಥೆಯೋ, ಒಂದು ಧಾರ್ಮಿಕ ಸಂಘವೋ, ಒಬ್ಬ ಖಾಸಗಿ ವ್ಯಕ್ತಿಯೋ ಅವನ ಹೊಣೆ ಹೊರಲು ಸಿದ್ಧರಿರಬೇಕಿತ್ತು. ಅವನು ಅವರ ಮೇಲ್ವಿಚಾರಣೆಯಲ್ಲಿ ಬದುಕಬೇಕು. ಷರತ್ತು ಮುರಿದರೆ ಮರಳಿ ಶಾಲೆಗೆ.

ಈ ಸಾಲಿನಲ್ಲಿ ಇಡೀ ಯೋಜನೆಯ ಜೀವ ಅಡಗಿತ್ತು. ಗೋಡೆ ಕಟ್ಟಲು ಇಲಾಖೆಗೆ ಬರುತ್ತದೆ, ಮಗ್ಗ ಹಾಕಲು ಬರುತ್ತದೆ, ಬಡಿಗತನ ಕಲಿಸುವವನಿಗೆ ಸಂಬಳ ಕೊಡಲು ಬರುತ್ತದೆ. ಹೊಣೆ ಹೊರಲು ಸಿದ್ಧವಿರುವ ವ್ಯಕ್ತಿಯನ್ನು ಮಾತ್ರ ಯಾವ ಇಲಾಖೆಯೂ ತಯಾರಿಸಲಾರದು. ಅವನು ಸಮಾಜದಿಂದಲೇ ಬರಬೇಕು.

ಧಾರವಾಡದ ಮಟ್ಟಿಗೆ ಇಲ್ಲಿ ಇನ್ನೊಂದು ತೊಡಕಿತ್ತು. ಆಗಿನ ಮುಂಬಯಿ ಇಲಾಖೆ ಉತ್ತರದಲ್ಲಿ ಸಿಂಧ್‌ನಿಂದ ದಕ್ಷಿಣದಲ್ಲಿ ಕಾರವಾರದವರೆಗೆ ಹಬ್ಬಿತ್ತು. ಸಿಂಧ್ ಬೇರೆ ಪ್ರಾಂತವಾದದ್ದು 1936ರಲ್ಲಿ. ಅಹಮದಾಬಾದಿನ ಗಿರಣಿ ಓಣಿಯಲ್ಲೋ ಮುಂಬಯಿಯ ಗೋದಿಯಲ್ಲೋ ಸಿಕ್ಕಿಬಿದ್ದ ಹುಡುಗ ಪುಣೆಯಲ್ಲಿ ದೊಡ್ಡ ಗಾಡಿಯಿಂದಿಳಿದು, ಮೀಟರ್‌ಗೇಜಿನ ಚಿಕ್ಕ ಗಾಡಿ ಹತ್ತಿ, ಮೀರಜ, ಲೋಂಡಾ ದಾಟಿ ಬರಬೇಕು. ಬಂದಿಳಿದ ಊರಿನ ಮಾತು ಅವನದಲ್ಲ. ತಾಯಿ ತಂದೆಯರು ಭೇಟಿಗೆ ಬರುವುದೆಂದರೆ ಒಂದು ತಿಂಗಳ ಗಳಿಕೆ ಹೋಯಿತೆಂದೇ ಅರ್ಥ. ಕಲಿಕೆ ಇಲ್ಲಿ, ಬದುಕು ಅಲ್ಲಿ. ಮರಳಿ ತನ್ನ ಓಣಿಗೆ ಹೋದಾಗ ಅವನನ್ನು ಎದುರುಗೊಳ್ಳುವವರಲ್ಲಿ ಹಳೆಯ ಗೆಳೆಯರೇ ಮೊದಲಿಗರು. ದೂರದ ಊರಲ್ಲಿಟ್ಟು ತಿದ್ದುವ ಪದ್ಧತಿಗಳೆಲ್ಲಕ್ಕೂ ಇರುವ ತೊಂದರೆ ಇದು. ಹುಡುಗನ ಹಳೆಯ ಬಳಗವನ್ನು ಕಡಿಯುವುದು ಸುಲಭ, ಹೊಸ ಬಳಗವನ್ನು ಕೊಡುವುದು ಕಷ್ಟ.

ಹುಬ್ಬಳ್ಳಿಯ ಇನ್ನೊಂದು ಮಾದರಿ

ಧಾರವಾಡದಿಂದ ಹನ್ನೆರಡು ಮೈಲು ದೂರದ ಹುಬ್ಬಳ್ಳಿಯಲ್ಲಿ ಅದೇ ಕಾಲಕ್ಕೆ ಇನ್ನೊಂದು ಬಗೆಯ 'ಸುಧಾರಣೆ' ನಡೆದಿತ್ತು. ಇಂದಿಗೂ ಊರಿನ ಜನ 'ಸೆಟ್ಲಮೆಂಟ್' ಎಂದೇ ಕರೆಯುವ ಬಡಾವಣೆ ಅದರ ನೆನಪು.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. 1897ರ ತಿದ್ದುಪಡಿಯಂತೆ ನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಾಯಿ ತಂದೆಯರಿಂದ ಬೇರ್ಪಡಿಸಿ ಸುಧಾರಣಾ ನೆಲೆಗಳಲ್ಲಿ ಇಡಬಹುದಾಗಿತ್ತು. 1911ರಲ್ಲಿ ಈ ಕಾಯಿದೆ ದೇಶಕ್ಕೆಲ್ಲ ಅನ್ವಯವಾಯಿತು. ಮುಂಬಯಿ ಇಲಾಖೆಯಲ್ಲಿ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಮುಂದಾಳುತನದಲ್ಲಿ ವಿಜಾಪುರದಿಂದ ಆರಂಭವಾಗಿ ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮುಂತಾದೆಡೆ ಸೆಟ್ಲಮೆಂಟುಗಳು ಎದ್ದವು. ಗಂಟಿಚೋರರು, ಹರಣಶಿಕಾರಿಗಳು, ಕೊರಚರು ಮೊದಲಾದವರನ್ನು ತಂದು ಅಲ್ಲಿ ನೆಲೆಗೊಳಿಸಲಾಯಿತು. ದೊಡ್ಡವರಿಗೆ ಗಿರಣಿ, ಕಾರ್ಖಾನೆಗಳಲ್ಲಿ ದುಡಿಮೆ. ಮಕ್ಕಳಿಗೆ ಕಡ್ಡಾಯ ಶಾಲೆ, ದೊಡ್ಡ ಹುಡುಗರಿಗೆ ಕಸುಬು. ಎಲ್ಲರಿಗೂ ಹಾಜರಿ. ಹೊರಗೆ ಹೋಗಬೇಕಾದರೆ ಪಾಸು.

ಸ್ಟಾರ್ಟ್ ನಿರ್ದಯಿ ಅಧಿಕಾರಿಯೇನೂ ಆಗಿರಲಿಲ್ಲ. ಮುಂದೆ ಅವರ ಅಧ್ಯಕ್ಷತೆಯಲ್ಲಿ ದಲಿತ ಮತ್ತು ಬುಡಕಟ್ಟು ಜನರ ಸ್ಥಿತಿಗತಿ ಕುರಿತ ಸಮಿತಿ ರಚನೆಯಾಗಿ 1930ರಲ್ಲಿ ವರದಿ ಕೊಟ್ಟಿತು, ಡಾ. ಅಂಬೇಡ್ಕರ್ ಮತ್ತು ಠಕ್ಕರ್ ಬಾಪಾ ಅದರ ಸದಸ್ಯರಾಗಿದ್ದರು. ಶಿಕ್ಷೆಗಿಂತ ದುಡಿಮೆ ಮತ್ತು ಓದು ಮನುಷ್ಯನನ್ನು ಬದಲಿಸುತ್ತವೆಂದು ಸ್ಟಾರ್ಟ್ ನಂಬಿದ್ದರು. ನಡತೆ ಒಳ್ಳೆಯದಾಗಿದ್ದವರು ತಂತಿಬೇಲಿ ದಾಟಿ ಹೊರಗಿನ ಮುಕ್ತ ವಸಾಹತಿಗೆ ಹೋಗುವ ಅವಕಾಶವೂ ಇತ್ತು.

ಆದರೂ ಬುನಾದಿಯೇ ವಕ್ರವಾಗಿತ್ತು. ಧಾರವಾಡದ ಬೋರ್ಸ್ಟಲ್‌ಗೆ ಬಂದ ಹುಡುಗ ತಾನು ಮಾಡಿದ ಒಂದು ತಪ್ಪಿಗೆ ಬಂದವನು. ಅದು ಕೋರ್ಟಿನಲ್ಲಿ ಸಾಬೀತಾಗಬೇಕಿತ್ತು. ಹುಬ್ಬಳ್ಳಿಯ ಸೆಟ್ಲಮೆಂಟಿನ ಹುಡುಗ ಯಾವ ತಪ್ಪನ್ನೂ ಮಾಡಬೇಕಾಗಿರಲಿಲ್ಲ. ಅವನ ತಪ್ಪು ಅವನ ಕುಲ. ಒಬ್ಬ ಹುಡುಗನಿಗೆ 'ನೀನು ಬದಲಾಗಬಲ್ಲೆ' ಎಂದು ಹೇಳುತ್ತ, ಅದೇ ಹೊತ್ತಿಗೆ 'ನೀನು ಹುಟ್ಟು ಕಳ್ಳ' ಎಂದು ದಫ್ತರದಲ್ಲಿ ಬರೆದಿಟ್ಟುಕೊಂಡರೆ ಅವನು ಯಾವ ಮಾತನ್ನು ನಂಬಬೇಕು? ಮುಂಬಯಿ ಸರಕಾರ 1949ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಿತು. 1952ರ ಆಗಸ್ಟ್ 31ರಿಂದ ದೇಶದೆಲ್ಲೆಡೆ ಅದು ರದ್ದಾಯಿತು. ಈ ಸಮುದಾಯಗಳಿಗೆ 'ವಿಮುಕ್ತ' ಎಂಬ ಹೆಸರು ಬಂತು. ಕಾಯಿದೆ ಹೋದರೂ ಅನುಮಾನ ಹೋಗಲು ಬಹಳ ಕಾಲ ಹಿಡಿಯಿತು. ತುರಂಗದ ಕೈಪಿಡಿಗಳಲ್ಲಿ ಇಂಥ ಸಮುದಾಯಗಳ ಬಗ್ಗೆ ಉಳಿದುಕೊಂಡಿದ್ದ ಭೇದಭಾವದ ನಿಯಮಗಳನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದದ್ದು 2024ರ ಅಕ್ಟೋಬರಿನಲ್ಲಿ.

ಹುಬ್ಬಳ್ಳಿಯ ಅನುಭವ ಕಲಿಸುವ ಪಾಠ ಸ್ಪಷ್ಟವಾಗಿದೆ. ಶಾಲೆ, ಕಸುಬು, ಶಿಸ್ತು ಎಲ್ಲವೂ ಇದ್ದರೂ ಹುಡುಗನನ್ನು ನಂಬುವವರಿಲ್ಲದಿದ್ದರೆ ಸುಧಾರಣೆ ಎಂಬುದು ಕಾವಲಿನ ಇನ್ನೊಂದು ಹೆಸರಾಗುತ್ತದೆ.

ಬಾಸ್ಟನ್ನಿನ ಬೂಟು ಹೊಲಿಯುವವ

ಹಾಗಾದರೆ ನಂಬುವವನು ಯಾರು, ಅವನು ಏನು ಮಾಡುತ್ತಾನೆ? ಇದಕ್ಕೆ ಜಗತ್ತಿನ ಇತಿಹಾಸದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. 1841ರ ಆಗಸ್ಟಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಕೋರ್ಟಿನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವನೊಬ್ಬ ಕೂತಿದ್ದ. ಹರಕು ಬಟ್ಟೆಯ ಕುಡುಕನೊಬ್ಬನನ್ನು ನ್ಯಾಯಾಧೀಶರ ಎದುರು ತಂದು ನಿಲ್ಲಿಸಿದರು. ಆಗಸ್ಟಸ್ ಅವನೊಡನೆ ಮಾತಾಡಿದ, ತಾನೇ ಜಾಮೀನು ನಿಂತ, ಮೂರು ವಾರ ಸಮಯ ಕೇಳಿಕೊಂಡ. ಮೂರು ವಾರದ ಮೇಲೆ ಇಬ್ಬರೂ ಕೋರ್ಟಿಗೆ ಬಂದಾಗ ಆ ಮನುಷ್ಯನ ಗುರುತೇ ಸಿಗದಷ್ಟು ಬದಲಾವಣೆಯಾಗಿತ್ತು. ನ್ಯಾಯಾಧೀಶರು ಒಂದು ಸೆಂಟ್ ಮತ್ತು ಕೋರ್ಟಿನ ಖರ್ಚನ್ನು ದಂಡ ಹಾಕಿ ಬಿಟ್ಟರು. ಅಲ್ಲಿಂದ ಮುಂದಿನ ಹದಿನೇಳು ವರ್ಷ ಆಗಸ್ಟಸ್ ಇದೇ ಕೆಲಸ ಮಾಡಿದ. 1858ರ ಹೊತ್ತಿಗೆ ಅವನು ಜಾಮೀನು ನಿಂತವರ ಸಂಖ್ಯೆ 1946. ಅವರಲ್ಲಿ ಮಕ್ಕಳೂ ಇದ್ದರು. ಅವರಿಗೆ ಮನೆ ಹುಡುಕುವುದು, ಕೆಲಸ ಹುಡುಕುವುದು, ಶಾಲೆಗೆ ಸೇರಿಸುವುದು, ನಡತೆಯ ಬಗ್ಗೆ ಕೋರ್ಟಿಗೆ ವರದಿ ಕೊಡುವುದು ಎಲ್ಲ ಅವನದೇ. ಇಂದು ಜಗತ್ತಿನೆಲ್ಲೆಡೆ ಇರುವ ಪ್ರೊಬೇಷನ್ ಪದ್ಧತಿಯ ಮೂಲ ಪುರುಷ ಈತನೇ.

1899ರಲ್ಲಿ ಷಿಕಾಗೋದಲ್ಲಿ ಮೊದಲ ಬಾಲ ನ್ಯಾಯಾಲಯ ಆರಂಭವಾಯಿತು. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೂಲ್ಟರ್, ದಿನವೂ ಕಟಕಟೆಯಲ್ಲಿ ನಿಲ್ಲುವ ಹುಡುಗರನ್ನು ನೋಡಿ ಬೇಸತ್ತು, ಪಟ್ಟಣದ ಗೃಹಸ್ಥರ ಸಭೆಯಲ್ಲಿ ಒಂದು ಮನವಿ ಮಾಡಿದ: ಒಬ್ಬೊಬ್ಬರೂ ಒಬ್ಬ ಹುಡುಗನಿಗೆ ಅಣ್ಣನಾಗಿ. 'ಬಿಗ್ ಬ್ರದರ್ಸ್' ಎಂದು ಹೆಸರಾದ ಚಳವಳಿ ಹುಟ್ಟಿದ್ದು ಹೀಗೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಂಟು ನಗರಗಳ ಸುಮಾರು ಸಾವಿರ ಮಕ್ಕಳನ್ನು ಪರೀಕ್ಷಿಸಿ, ಇಂಥ ಅಣ್ಣನೋ ಅಕ್ಕನೋ ಸಿಕ್ಕವರಲ್ಲಿ ಮಾದಕ ವಸ್ತುವಿನ ಚಟಕ್ಕೆ ಕೈಹಾಕುವುದು ಶೇಕಡಾ 46ರಷ್ಟು, ಹೊಡೆದಾಟ ಸುಮಾರು ಮೂರನೆಯ ಒಂದರಷ್ಟು ಕಡಿಮೆಯಿತ್ತೆಂದು ಕಂಡುಕೊಂಡಿತು.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದು ಎನ್ನುವುದಕ್ಕೂ ಅಷ್ಟೇ ದೊಡ್ಡ ಸಾಕ್ಷಿಯಿದೆ. 1939ರಲ್ಲಿ ಬಾಸ್ಟನ್ ಸಮೀಪದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ ಹುಡುಗರಿಗೆ ಸಲಹೆಗಾರರನ್ನು ನೇಮಿಸುವ ದೊಡ್ಡ ಪ್ರಯೋಗ ನಡೆಯಿತು. ನಡುವೆ ಮಹಾಯುದ್ಧ ಬಂದು ಹಲವು ಸಲಹೆಗಾರರು ಹೊರಟುಹೋದರು. 1945ರಲ್ಲಿ ಯೋಜನೆ ಮುಗಿಯಿತು. ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಮೂವತ್ತು ವರ್ಷಗಳ ನಂತರ ಅವರನ್ನೆಲ್ಲ ಹುಡುಕಿ ನೋಡಿದಾಗ, ನೆರವು ಪಡೆದವರು ಪಡೆಯದವರಿಗಿಂತ ಉತ್ತಮ ಸ್ಥಿತಿಯಲ್ಲಿರಲಿಲ್ಲ. ಕೆಲವು ವಿಷಯಗಳಲ್ಲಿ ಹಿಂದೆಯೇ ಬಿದ್ದಿದ್ದರು. 2002ರ ಇನ್ನೊಂದು ಅಧ್ಯಯನ ಇದಕ್ಕೆ ಪೂರಕವಾದ ಮಾತು ಹೇಳಿತು. ಒಂದು ವರ್ಷ ಮೀರಿ ಉಳಿದ ಒಡನಾಟ ಹುಡುಗರಿಗೆ ಹೆಚ್ಚು ಒಳಿತು ಮಾಡುತ್ತದೆ. ಕೆಲವೇ ತಿಂಗಳಲ್ಲಿ ಕಡಿದುಹೋದ ಒಡನಾಟ ಮೊದಲಿಗಿಂತ ಕೆಡುಕು ಮಾಡಬಹುದು. ಮೊದಲೇ ಹಲವರು ಕೈಬಿಟ್ಟ ಹುಡುಗನಿಗೆ ಮತ್ತೊಬ್ಬರು ಕೈಬಿಟ್ಟರೆ ಆಗುವ ಪೆಟ್ಟು ಅದು.

ಇಡೀ ಆಯುಷ್ಯವನ್ನೇ ಹಿಂಬಾಲಿಸಿದ ಅಧ್ಯಯನವೂ ಉಂಟು. 1940ರ ಸುಮಾರಿಗೆ ಬಾಸ್ಟನ್ನಿನ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರ ವಿವರಗಳನ್ನು ಗ್ಲೂಕ್ ದಂಪತಿಗಳು ಸಂಗ್ರಹಿಸಿದ್ದರು. ಅದೇ ಹುಡುಗರನ್ನು ಎಪ್ಪತ್ತರ ವಯಸ್ಸಿನವರೆಗೆ ಬೆನ್ನುಹತ್ತಿದ ಲಾಬ್ ಮತ್ತು ಸ್ಯಾಂಪ್ಸನ್ 2003ರಲ್ಲಿ ತಮ್ಮ ಶೋಧನೆಗಳನ್ನು ಪ್ರಕಟಿಸಿದರು. ಬಾಲ್ಯದಲ್ಲಿ ಒಂದೇ ಬಗೆಯ ಕೇಡಿಗರಾಗಿದ್ದವರ ಮುಂದಿನ ಬದುಕು ಒಂದೇ ಬಗೆಯಾಗಿರಲಿಲ್ಲ. ದಾರಿ ಬದಲಿಸಿದವರ ಬದುಕಿನಲ್ಲಿ ಕಂಡದ್ದು ಸಾಧಾರಣ ಸಂಗತಿಗಳೇ: ನಿಲ್ಲುವಂಥ ಒಂದು ಕೆಲಸ, ಬಾಳುವಂಥ ಒಂದು ಮದುವೆ, ಸಂಜೆ ಮನೆಗೆ ಬರುವುದನ್ನು ಕಾಯುವ ಜನ. ಹದಿನೇಳರಲ್ಲಿ ಬಿದ್ದ ಹಣೆಬರಹ ಎಪ್ಪತ್ತರವರೆಗೆ ಉಳಿಯಲೇಬೇಕೆಂದಿಲ್ಲ.

ವಾರಾನ್ನದ ಊರಿನಲ್ಲಿ

ಬೇರೆಯವರ ಮಗನ ಹೊಣೆ ಹೊರುವುದು ಹುಬ್ಬಳ್ಳಿ-ಧಾರವಾಡಕ್ಕೆ ಪರದೇಶದಿಂದ ಬರಬೇಕಾದ ವಿದ್ಯೆಯಲ್ಲ. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಊಟ ಹಾಕಿದ ವಾರಾನ್ನದ ಪದ್ಧತಿ ಇಲ್ಲಿ ಬಹುಕಾಲ ನಡೆದಿತ್ತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರ ಪಟ್ಟಿ ಉದ್ದವಾಗಿದೆ. ಗರಡಿಮನೆಯ ವಸ್ತಾದ ಹುಡುಗನಿಗೆ ಕುಸ್ತಿಯ ಪಟ್ಟುಗಳ ಜೊತೆಗೆ ಬೆಳಗಿನ ಜಾವ ಏಳುವುದನ್ನೂ, ಬಾಯಿ ಹಿಡಿಯುವುದನ್ನೂ ಕಲಿಸುತ್ತಿದ್ದ. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಪಾನಾ ಹಿಡಿಯಲು ಕಲಿತು ಮುಂದೆ ಸ್ವಂತ ಅಂಗಡಿ ಇಟ್ಟವರು ಇಂದಿಗೂ ತಮ್ಮ ಉಸ್ತಾದನ ಹೆಸರನ್ನು ಗೌರವದಿಂದ ಹೇಳುತ್ತಾರೆ.

ಆದರೆ ಈ ಔದಾರ್ಯಕ್ಕೆ ಒಂದು ಗಡಿಯಿತ್ತು. ವಾರಾನ್ನದ ಎಲೆ ಹಾಕುತ್ತಿದ್ದುದು 'ಒಳ್ಳೆಯ ಹುಡುಗ'ನಿಗೆ. ಅದರಲ್ಲೂ ಜಾತಿಯ ಲೆಕ್ಕ ಇರುತ್ತಿತ್ತು. ಸ್ಟೇಷನ್ ಕಟ್ಟೆ ಹತ್ತಿದವನು, ಕೋರ್ಟಿನ ತಾರೀಖು ಇರುವವನು ಬಾಗಿಲಿಗೆ ಬಂದರೆ ಅದೇ ಮನೆಯ ಚಿಲಕ ಬೀಳುವುದು ಸಹಜವಾಗಿತ್ತು. ಬೋರ್ಸ್ಟಲ್ ಕಾಯಿದೆ ಕೇಳುತ್ತಿದ್ದುದು ಇದೇ ಗಡಿಯನ್ನು ದಾಟುವ ವ್ಯಕ್ತಿಯನ್ನು.

ಕಾಯಿದೆ ಬೆಳೆದ ಬಗೆ

1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಧಾರವಾಡ ಜಿಲ್ಲೆಯೊಡನೆ ಬೋರ್ಸ್ಟಲ್ ಕೂಡ ಮೈಸೂರು ರಾಜ್ಯದ ಪಾಲಿಗೆ ಬಂತು. ಆ ಹೊತ್ತಿಗೆ ಯೋಚನೆಯ ದಿಕ್ಕೇ ತಿರುಗತೊಡಗಿತ್ತು. 1958ರ ಪ್ರೊಬೇಷನ್ ಕಾಯಿದೆ, 21 ವರ್ಷದೊಳಗಿನವರನ್ನು ಆಜೀವ ಶಿಕ್ಷೆಗೆ ಗುರಿಯಾಗದ ಅಪರಾಧಗಳಲ್ಲಿ ತುರಂಗಕ್ಕೆ ಕಳಿಸಬೇಕಾದರೆ ಕೋರ್ಟು ಕಾರಣ ಬರೆಯಬೇಕೆಂದಿತು. ಅದಕ್ಕೂ ಮೊದಲು ಪರಿವೀಕ್ಷಣಾಧಿಕಾರಿಯ ವರದಿಯನ್ನು ನೋಡಬೇಕೆಂದಿತು. 1964ರಲ್ಲಿ ರಾಜ್ಯಕ್ಕೆ ತನ್ನದೇ ಮಕ್ಕಳ ಕಾಯಿದೆ ಬಂತು. 1986ರಲ್ಲಿ ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯಿದೆಯಾಯಿತು. 2000ದ ಕಾಯಿದೆ ಹುಡುಗರ ವಯೋಮಿತಿಯನ್ನು 16ರಿಂದ 18ಕ್ಕೆ ಏರಿಸಿದ್ದರಿಂದ, ಬೋರ್ಸ್ಟಲ್‌ಗೆ ಹೋಗುತ್ತಿದ್ದ ಹುಡುಗರಲ್ಲಿ 18ರೊಳಗಿನವರು ತುರಂಗ ಖಾತೆಯ ಕೈಯಿಂದಲೇ ಹೊರಬಂದರು. ಬೋರ್ಸ್ಟಲ್ ಪದ್ಧತಿ ಮಸುಕಾಯಿತು. ಅದರ ತವರಾದ ಇಂಗ್ಲೆಂಡೇ 1982ರ ಕಾಯಿದೆಯಿಂದ ಅದನ್ನು ಕೈಬಿಟ್ಟಿತ್ತು.

ಈಗ ಜಾರಿಯಲ್ಲಿರುವ 2015ರ ಕಾಯಿದೆ 2016ರ ಜನವರಿ 15ರಿಂದ ಅನ್ವಯವಾಯಿತು. ಘೋರ ಅಪರಾಧದ ಆರೋಪವಿದ್ದಾಗ 16ರಿಂದ 18ರ ನಡುವಿನವರನ್ನು ದೊಡ್ಡವರಂತೆ ವಿಚಾರಣೆಗೆ ಒಪ್ಪಿಸಬಹುದೆಂಬ ಅದರ ಒಂದು ಕಲಮಿನ ಬಗ್ಗೆ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದೇ ಗದ್ದಲದಲ್ಲಿ ಉಳಿದ ಕಲಮುಗಳು ಹಿಂದೆ ಸರಿದವು. ಮಗುವನ್ನು ಲಾಕಪ್ಪಿನಲ್ಲಾಗಲಿ ತುರಂಗದಲ್ಲಾಗಲಿ ಇಡಕೂಡದು. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಎದುರು ತರಬೇಕು. ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಸಮುದಾಯ ಸೇವೆ ವಿಧಿಸಬಹುದು, ತಾಯಿ ತಂದೆಯರ ಅಥವಾ 'ಯೋಗ್ಯ ವ್ಯಕ್ತಿ'ಯೊಬ್ಬನ ಪಾಲನೆಯಲ್ಲಿ ಮೂರು ವರ್ಷದವರೆಗೆ ಪ್ರೊಬೇಷನ್ ಮೇಲೆ ಬಿಡಬಹುದು. ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಇರಬೇಕು. 18 ತುಂಬಿ ಸಂಸ್ಥೆಯಿಂದ ಹೊರಬಿದ್ದವರಿಗೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆಯ ನೆರವು ಸಿಗಬೇಕು. ಕೇಂದ್ರದ 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇದಕ್ಕೆ ತಿಂಗಳಿಗೆ 4000 ರೂಪಾಯಿ ಎಂದು ಗೊತ್ತುಮಾಡಿತು.

ಅದರಲ್ಲಿ ಇನ್ನೊಂದು ಕಲಮು ಬಹಳ ಜನರಿಗೆ ತಿಳಿಯದು. ಮಗುವಾಗಿದ್ದಾಗಿನ ತಪ್ಪು ಮುಂದಿನ ಬದುಕಿಗೆ ಅನರ್ಹತೆಯಾಗಬಾರದು. ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ ಅದರ ದಾಖಲೆಗಳೂ ನಿಗದಿತ ಅವಧಿಯ ನಂತರ ನಾಶವಾಗಬೇಕು. ಇದಕ್ಕೆ 'ಹೊಸ ಆರಂಭದ ತತ್ತ್ವ' ಎಂದು ಹೆಸರು. ಕುಲವನ್ನೇ ಅಪರಾಧವೆಂದು ದಫ್ತರದಲ್ಲಿ ಬರೆದಿಟ್ಟ 1871ರ ಕಾಯಿದೆಯಿಂದ ಇಲ್ಲಿಗೆ ಬಂದ ದೂರ ಸಣ್ಣದಲ್ಲ.

ಖಾಲಿ ಉಳಿದ ಸಾಲು

ಹದಿನೆಂಟು ತುಂಬಿ ಹೊರಬಂದ ಹುಡುಗನ ಮೊದಲ ಆರು ತಿಂಗಳು ಹೇಗಿರುತ್ತವೆ ಎಂದು ಯೋಚಿಸಿದರೆ ಹೊಣೆ ಹೊರುವವನ ಕೆಲಸವೇನೆಂಬುದು ಗೊತ್ತಾಗುತ್ತದೆ. ಆಧಾರ್ ಕಾರ್ಡಿನಲ್ಲಿ ವಿಳಾಸ ತಪ್ಪಿರುತ್ತದೆ. ಬ್ಯಾಂಕಿನ ಖಾತೆ ಇರುವುದಿಲ್ಲ. ಬಾಡಿಗೆ ಖೋಲಿ ಕೊಡುವವರು ಊರು, ಮನೆತನ ವಿಚಾರಿಸುತ್ತಾರೆ. ಓಣಿಯಲ್ಲಿ ಸೈಕಲ್ ಕಳುವಾದರೆ ಪೊಲೀಸರು ಮೊದಲು ಅವನ ಮನೆಗೇ ಬರುತ್ತಾರೆ. ಮೊದಲ ಪಗಾರ ಮೂರೇ ದಿನದಲ್ಲಿ ಖಾಲಿಯಾಗುತ್ತದೆ. ಮಾಲೀಕ ಒಂದು ಮಾತು ಬಿರುಸಾಗಿ ಆಡಿದರೆ ಕೆಲಸ ಬಿಟ್ಟು ಬರುತ್ತಾನೆ. ಹಳೆಯ ಗೆಳೆಯರು ಮಾತ್ರ ಯಾವ ಕಾಗದವನ್ನೂ ಕೇಳದೆ ಕರೆಯುತ್ತಾರೆ.

ಇಂಥ ಹೊತ್ತಿಗೆ ಬೇಕಾದದ್ದು ದೊಡ್ಡ ಉಪದೇಶವಲ್ಲ. ಬ್ಯಾಂಕಿಗೆ ಜೊತೆಗೆ ಬಂದು ಸಹಿ ಹಾಕುವವರು ಬೇಕು. ಮಾಲೀಕನಿಗೆ ಫೋನು ಮಾಡಿ 'ನಾಳೆ ಕಳಿಸ್ತೀನಿ, ಒಂದು ಸಲ ನೋಡ್ರಿ' ಎನ್ನುವವರು ಬೇಕು. ಹಳೆಯ ಪ್ರಕರಣವನ್ನು ಅನರ್ಹತೆಯೆಂದು ಎಣಿಸಬಾರದೆಂಬ ಕಾನೂನು ಗೊತ್ತಿರುವವರು ಬೇಕು. ಹುಡುಗ ಮತ್ತೊಮ್ಮೆ ಎಡವಿದಾಗಲೂ ಮರುದಿನ ಬರುವವರು ಬೇಕು. ಎಡವುವುದು ಬಹುಮಟ್ಟಿಗೆ ಖಚಿತ. ಅಧ್ಯಯನಗಳು ಹೇಳುವಂತೆ ಬದಲಾವಣೆ ನೇರ ಗೆರೆಯಲ್ಲಿ ಬರುವುದಿಲ್ಲ. ಆದ್ದರಿಂದಲೇ ಮೂರು ತಿಂಗಳ ಉತ್ಸಾಹದವರಿಗಿಂತ ಮೂರು ವರ್ಷದ ತಾಳ್ಮೆಯ ಸಾಮಾನ್ಯ ಮನುಷ್ಯ ಹೆಚ್ಚು ಪ್ರಯೋಜನಕ್ಕೆ ಬರುತ್ತಾನೆ. ಅವನು ಗ್ಯಾರೇಜಿನ ಉಸ್ತಾದನಾಗಬಹುದು, ನಿವೃತ್ತ ಮಾಸ್ತರರಾಗಬಹುದು, ಓಣಿಯ ಅಕ್ಕನಾಗಬಹುದು. ಬಾಸ್ಟನ್ನಿನಲ್ಲಿ ಬೂಟು ಹೊಲಿಯುವವನಾಗಿದ್ದ.

ಪರಿವೀಕ್ಷಣಾಧಿಕಾರಿಯ ಮೇಜಿನ ಮೇಲಿನ ಕಡತಗಳ ರಾಶಿ ನೋಡಿದವರಿಗೆ ಅವರೊಬ್ಬರಿಂದಲೇ ಇದೆಲ್ಲ ಆಗದೆಂದು ಹೇಳಬೇಕಾಗಿಲ್ಲ. ಕಾಯಿದೆ ಮಾಡಿದವರಿಗೂ ಅದು ಗೊತ್ತಿತ್ತು. ಅದಕ್ಕೇ 1929ರಲ್ಲಿ ಹೊಣೆ ಹೊರಲು ಸಿದ್ಧವಿರುವ ವ್ಯಕ್ತಿ ಎಂದು ಬರೆದರು. 2015ರಲ್ಲಿ ಯೋಗ್ಯ ವ್ಯಕ್ತಿ ಎಂದು ಬರೆದರು. ನಡುವಿನ ಎಂಬತ್ತಾರು ವರ್ಷಗಳಲ್ಲಿ ವಯೋಮಿತಿ ಬದಲಾಯಿತು, ಇಲಾಖೆ ಬದಲಾಯಿತು, ಗೋಡೆಯ ಮೇಲಿನ ಫಲಕಗಳೂ ಬದಲಾದವು. ಆ ಸಾಲು ಮಾತ್ರ ಹಾಗೆಯೇ ಉಳಿಯಿತು. ಅದರ ಮುಂದಿನ ಜಾಗದಲ್ಲಿ ಹೆಸರು ಬರೆಯಬೇಕಾದವರು ಕೋರ್ಟಿನ ಒಳಗಿಲ್ಲ. ಅವರು ಹುಬ್ಬಳ್ಳಿಯ ದುರ್ಗದಬೈಲಿನಲ್ಲೂ ಧಾರವಾಡದ ಸುಭಾಸ ರಸ್ತೆಯಲ್ಲೂ ದಿನವೂ ಓಡಾಡುತ್ತಿರುವವರು.